ಗಡಿ ದಾಟುವ ಕ್ಯಾನ್ಸರ್ ಟ್ರಯಲ್‌ಗಳು: ಬಾಗಲಕೋಟೆ ಸೀಮೆ ಮತ್ತು ಅಂತರರಾಷ್ಟ್ರೀಯ ಸಹಯೋಗ

ಹೊಸ ಔಷಧ, ಹೊಸ ಶಸ್ತ್ರಕ್ರಿಯೆ ಅಥವಾ ಹೊಸ ತಪಾಸಣೆಯೊಂದು ಕ್ಯಾನ್ಸರ್ ರೋಗಿಯ ಜೀವವನ್ನು ನಿಜಕ್ಕೂ ಉಳಿಸುತ್ತದೆಯೇ ಎಂದು ಜನರ ಒಪ್ಪಿಗೆ ಪಡೆದು, ನಿಯಮಬದ್ಧವಾಗಿ ಪರೀಕ್ಷಿಸುವ ಕ್ರಮಕ್ಕೆ ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ಎರಡು ಚಿಕಿತ್ಸೆಗಳನ್ನು ಹೋಲಿಸುವ ದೊಡ್ಡ ಟ್ರಯಲ್‌ಗಳಲ್ಲಿ ಯಾರಿಗೆ ಹೊಸ ಚಿಕಿತ್ಸೆ, ಯಾರಿಗೆ ಈಗಿರುವ ಚಿಕಿತ್ಸೆ ಎಂಬುದನ್ನು ವೈದ್ಯರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಚೀಟಿ ಎತ್ತಿದಂತೆ ಅದು ತಾನಾಗಿ ನಿರ್ಧಾರವಾಗುತ್ತದೆ. ಆಮೇಲೆ ಎರಡೂ ಗುಂಪಿನವರನ್ನು ವರ್ಷಗಟ್ಟಲೆ ಗಮನಿಸಿ ಹೋಲಿಸುತ್ತಾರೆ. ಎರಡರ ನಡುವಿನ ಅಂತರ ನೂರಕ್ಕೆ ಐದೋ ಎಂಟೋ ಇದ್ದರೆ ಅದನ್ನು ಖಚಿತಪಡಿಸಲು ನೂರಾರು, ಕೆಲವೊಮ್ಮೆ ಸಾವಿರಾರು ಜನ ಬೇಕು. ಒಂದು ಆಸ್ಪತ್ರೆಗೆ ಅಷ್ಟು ರೋಗಿಗಳು ಸಿಗುವುದಿಲ್ಲ. ವಿರಳ ಕ್ಯಾನ್ಸರ್ ಆದರೆ ಒಂದು ದೇಶಕ್ಕೂ ಸಿಗುವುದಿಲ್ಲ.

ಈ ಕಾರಣಕ್ಕೇ ಯುರೋಪಿನ ವೈದ್ಯರು 1962ರಲ್ಲಿ ಬ್ರಸೆಲ್ಸ್ ಕೇಂದ್ರವಾಗಿಟ್ಟುಕೊಂಡು ದೇಶದೇಶಗಳ ಆಸ್ಪತ್ರೆಗಳನ್ನು ಒಂದೇ ಸಂಸ್ಥೆಯಡಿ ತಂದರು. ಭಾರತದಲ್ಲಿ ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಮುಂದಾಳ್ತನದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಶುರುವಾದದ್ದು 2012ರಲ್ಲಿ. ಚಿಕಿತ್ಸೆಯ ಮಟ್ಟ ಎಲ್ಲೆಡೆ ಒಂದೇ ಇರಬೇಕು ಎಂಬುದು ಅದರ ಮೊದಲ ಗುರಿ, ಒಟ್ಟುಗೂಡಿ ಟ್ರಯಲ್ ನಡೆಸುವುದು ಎರಡನೆಯದು. 2015ರಿಂದ ಇದೇ ಬಳಗ ಕ್ರೆಡೊ ಎಂಬ ಅಂತರರಾಷ್ಟ್ರೀಯ ಕಾರ್ಯಾಗಾರವನ್ನೂ ನಡೆಸುತ್ತಿದೆ. ಕಿರಿಯ ವೈದ್ಯರು ತಮ್ಮೂರಿನ ಪ್ರಶ್ನೆಯೊಂದನ್ನು ಹಿಡಿದು ಬರುತ್ತಾರೆ. ದೇಶವಿದೇಶಗಳ ಹಿರಿಯರ ಜೊತೆ ಕೂತು ಅದನ್ನು ಟ್ರಯಲ್‌ನ ಪೂರ್ಣ ಯೋಜನೆಯಾಗಿ ಬರೆದು ಮುಗಿಸುತ್ತಾರೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಇರುವ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಸೀಮೆಗೆ ಇದು ದೂರದ ಮಾತು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ದೂರದ್ದಲ್ಲ. ಅಂತರರಾಷ್ಟ್ರೀಯ ಟ್ರಯಲ್ ನಡೆಸುವ ಕೌಶಲವನ್ನು ಈ ಜಿಲ್ಲೆ ಬೇರೊಂದು ಕ್ಷೇತ್ರದಲ್ಲಿ ಈಗಾಗಲೇ ಕಲಿತಿದೆ.

ಬಾಣಂತಿಯರಿಂದ ಕಲಿತ ಪಾಠ

1997ರಲ್ಲಿ ವಿಜಯಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 18.9 ಲಕ್ಷ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇರುವುದು ಜಿಲ್ಲಾ ಕೇಂದ್ರದಲ್ಲಿ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಜೊತೆ ಸೇರಿ ಇಲ್ಲಿನ ವೈದ್ಯರು ತಾಯಂದಿರ ಆರೋಗ್ಯದ ಎರಡು ದೊಡ್ಡ ಟ್ರಯಲ್‌ಗಳಲ್ಲಿ ಭಾಗವಹಿಸಿದರು.

ಮೊದಲನೆಯದು ಕ್ಲಿಪ್. ಗರ್ಭಿಣಿಯರ ರಕ್ತದೊತ್ತಡ ಏರಿ ಪ್ರಾಣಕ್ಕೆ ಎರವಾಗುವುದನ್ನು ಹಳ್ಳಿಯ ಮಟ್ಟದಲ್ಲೇ ತಡೆಯಲಾದೀತೇ ಎಂಬುದು ಅದರ ಪ್ರಶ್ನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ರೂಪಿಸಿದ ಈ ಟ್ರಯಲ್ ಭಾರತ, ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲಿ ನಡೆಯಿತು. ಭಾರತದ ಭಾಗ ಪೂರ್ತಿ ನಡೆದದ್ದು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ 12 ಕಡೆ. ಆರು ಕಡೆ ಆಶಾ ಕಾರ್ಯಕರ್ತೆಯರು, ಎಎನ್ಎಂಗಳು ಮೊಬೈಲ್ ಆ್ಯಪ್ ಹಿಡಿದು ಮನೆಗೆ ಹೋಗಿ ಬಿ.ಪಿ. ನೋಡಿದರು. ಆ್ಯಪ್ ಹೇಳಿದಂತೆ ಮೊದಲ ಮಾತ್ರೆ, ಮೊದಲ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸಿದರು. ಉಳಿದ ಆರು ಕಡೆ ಎಂದಿನ ಆರೈಕೆ ಮುಂದುವರಿಯಿತು. ದಾಖಲಾದ ಗರ್ಭಧಾರಣೆಗಳು 14,783. ಅಷ್ಟನ್ನೂ ಕೊನೆಯವರೆಗೆ ಹಿಂಬಾಲಿಸಲಾಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶ ಆಶಿಸಿದಷ್ಟು ಸಿಹಿಯಾಗಿರಲಿಲ್ಲ, ಎರಡು ಗುಂಪುಗಳ ನಡುವೆ ಮುಖ್ಯ ಅಳತೆಯಲ್ಲಿ ಅಂತರ ಕಾಣಲಿಲ್ಲ. ಆದರೆ ಟ್ರಯಲ್ ಎಂಬುದು ಪ್ರಚಾರವಲ್ಲ. ಅಂತರ ಇಲ್ಲದಾಗ ಇಲ್ಲ ಎಂದು ಹೇಳುವುದೂ ಅದರ ಕೆಲಸವೇ.

ಇನ್ನೊಂದು, ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಚಾಂಪಿಯನ್. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಬಳಸುವ ಆಕ್ಸಿಟೋಸಿನ್‌ಗೆ ಫ್ರಿಜ್ ಬೇಕೇ ಬೇಕು. ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ಅದಕ್ಕೆ ಸರಿಸಾಟಿಯೇ ಎಂದು 10 ದೇಶಗಳ 23 ಆಸ್ಪತ್ರೆಗಳಲ್ಲಿ 29,645 ಮಹಿಳೆಯರಲ್ಲಿ ನೋಡಲಾಯಿತು. ಬಾಗಲಕೋಟೆ ಮತ್ತು ವಿಜಯಪುರದ ವೈದ್ಯೆಯರ ಹೆಸರು 2018ರ ಆ ಪ್ರಬಂಧದ ಲೇಖಕರ ಸಾಲಿನಲ್ಲಿದೆ. ಮರುವರ್ಷವೇ ಆ ಔಷಧ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ಬೇಸಿಗೆಯಲ್ಲಿ ಕಾದ ಹೆಂಚಾಗುವ ಸೀಮೆಯ ಹೆಣ್ಣುಮಕ್ಕಳು ಜಗತ್ತಿನ ಹೆರಿಗೆ ಕೋಣೆಗಳಿಗೆ ಒಂದು ಔಷಧವನ್ನು ಪರೀಕ್ಷಿಸಿ ಕೊಟ್ಟರು ಎಂಬುದು ಜಿಲ್ಲೆ ಹೆಮ್ಮೆಪಡಬೇಕಾದ ಸಂಗತಿ.

ಕ್ಯಾನ್ಸರ್ ಟ್ರಯಲ್‌ಗೂ ಬೇಕಾದದ್ದು ಇದೇ ಬಂಡವಾಳ: ಮನೆಮನೆ ಗೊತ್ತಿರುವ ಆಶಾ, ದಾಖಲೆ ಬರೆಯುವ ಶಿಸ್ತು, ಕೆಲಸ ಬಲ್ಲ ನೈತಿಕ ಸಮಿತಿ, ವಿದೇಶಿ ತಂಡದ ಜೊತೆ ಸಮಸಮನಾಗಿ ಮಾತಾಡಬಲ್ಲ ವೈದ್ಯರು. ಒಂದು ವ್ಯತ್ಯಾಸವಿದೆ. ಹೆರಿಗೆ ಒಂಬತ್ತು ತಿಂಗಳಲ್ಲಿ ಮುಗಿಯುತ್ತದೆ. ಕ್ಯಾನ್ಸರ್ ರೋಗಿಯನ್ನು ಐದು ವರ್ಷ, ಹತ್ತು ವರ್ಷ ಹಿಂಬಾಲಿಸಬೇಕು.

ಪಕ್ಕದ ಬಾರ್ಶಿ

ಬಾದಾಮಿ, ಬಾಗಲಕೋಟೆ, ವಿಜಯಪುರದ ಮೇಲೆ ಹಾಯುವ ರೈಲುಹಳಿ ಉತ್ತರಕ್ಕೆ ಸೊಲ್ಲಾಪುರ ಮುಟ್ಟುತ್ತದೆ. ಕನ್ನಡ ಮಾತಾಡುವವರು ಬಹಳ ಇರುವ ಆ ಗಡಿ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಹಳ್ಳಿಯ ರೋಗಿ ಆಸ್ಪತ್ರೆಗೆ ಬರುವವರೆಗೆ ಕಾಯದೆ ನೋಂದಣಿ ಸಿಬ್ಬಂದಿ ತಾವೇ ಊರೂರಿಗೆ ಹೋಗುತ್ತಿದ್ದರು. ರಕ್ತಸ್ರಾವ ಇದೆಯೇ, ಮಾಯದ ಹುಣ್ಣು ಇದೆಯೇ, ಗಂಟು ಇದೆಯೇ ಎಂದು ಕೇಳುತ್ತಿದ್ದರು. ಲೆಕ್ಕ ಬರೆಯಲು ಹೋದವರಿಂದಲೇ ಜನರಲ್ಲಿ ತಿಳಿವಳಿಕೆ ಬೆಳೆದು ಗರ್ಭಕಂಠದ ಕ್ಯಾನ್ಸರ್ ಮೊದಲಿಗಿಂತ ಬೇಗ ಪತ್ತೆಯಾಗತೊಡಗಿತು.

ಆ ನೆಲೆಯ ಮೇಲೆ ಫ್ರಾನ್ಸಿನ ಲಿಯೋನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಟಾಟಾ ಸ್ಮಾರಕ ಕೇಂದ್ರ ಮತ್ತು ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಕೂಡಿ ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, 30ರಿಂದ 59 ವಯಸ್ಸಿನ 1,31,746 ಮಹಿಳೆಯರ ಟ್ರಯಲ್ ನಡೆಸಿದವು. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದರೂ ಮುಂದುವರಿದ ಹಂತದ ಆ ಕ್ಯಾನ್ಸರ್ ಮತ್ತು ಅದರಿಂದಾಗುವ ಸಾವು ಸುಮಾರು ಅರ್ಧಕ್ಕೆ ಇಳಿಯುತ್ತವೆ ಎಂದು 2009ರಲ್ಲಿ ಜಗತ್ತಿಗೆ ಗೊತ್ತಾಯಿತು. ಜೋಳ ಬೆಳೆಯುವ ಬಡ ಜಿಲ್ಲೆಯೊಂದರ ಹೆಂಗಸರು ಕೊಟ್ಟ ಉತ್ತರವಿದು.

ಕೊಟ್ಟ ಬೆಲೆಯನ್ನೂ ಹೇಳಬೇಕು. ಹೋಲಿಕೆಯ ಗುಂಪಿನವರಿಗೆ ಟ್ರಯಲ್ ನಡೆಯುವಷ್ಟು ಕಾಲ ತಪಾಸಣೆ ಇರಲಿಲ್ಲ. ಆಗ ದೇಶದಲ್ಲಿ ಇಂಥ ತಪಾಸಣೆಯ ಕಾರ್ಯಕ್ರಮವೇ ಇರಲಿಲ್ಲ ಎಂಬುದು ಸಂಶೋಧಕರ ಸಮರ್ಥನೆ. ತಪಾಸಣೆಯಿಂದ ಜೀವ ಉಳಿಯುತ್ತದೆಂದು ಶ್ರೀಮಂತ ದೇಶಗಳಿಗೆ ಗೊತ್ತಿದ್ದಾಗ ಬಡ ಹೆಂಗಸರನ್ನು ಹಾಗೆ ಬಿಟ್ಟದ್ದು ಸರಿಯೇ ಎಂಬುದು ಟೀಕಾಕಾರರ ಪ್ರಶ್ನೆ. ಎರಡನೆಯ ವಾದದ ತೂಕ ಹೆಚ್ಚು. ಇನ್ನು ಮುಂದೆ ಈ ಭಾಗದಲ್ಲಿ ಯಾವುದೇ ಟ್ರಯಲ್ ನಡೆದರೂ ಹೋಲಿಕೆಯ ಗುಂಪಿಗೆ ದೊರೆಯುವ ಆರೈಕೆ ಏನು ಎಂಬುದು ಮೊದಲ ಪುಟದಲ್ಲೇ ಇರಬೇಕು.

2009ರ ಸೆಪ್ಟೆಂಬರಿನಲ್ಲಿ ಲಿಯೋನ್‌ನ ಅದೇ ಸಂಸ್ಥೆ ಬಾರ್ಶಿ ಸೇರಿ ಭಾರತದ ಹಲವೆಡೆ ಎಚ್‌ಪಿವಿ ಲಸಿಕೆಯ ಟ್ರಯಲ್ ಆರಂಭಿಸಿತು. 20,000 ಹುಡುಗಿಯರಿಗೆ ಎರಡು ಡೋಸ್ ಸಾಕೇ, ಮೂರು ಬೇಕೇ ಎಂಬುದು ಪ್ರಶ್ನೆ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲ ಎಚ್‌ಪಿವಿ ಟ್ರಯಲ್‌ಗಳನ್ನೂ ನಿಲ್ಲಿಸಿತು. ಕಾರಣ ಈ ಟ್ರಯಲ್ ಅಲ್ಲ. ಖಮ್ಮಂ ಮತ್ತು ವಡೋದರಾದಲ್ಲಿ ಬೇರೊಂದು ಸಂಸ್ಥೆ ನಡೆಸುತ್ತಿದ್ದ ಲಸಿಕೆ ಯೋಜನೆಯಲ್ಲಿ ಕೆಲವು ಬಾಲಕಿಯರು ಸತ್ತಿದ್ದರು. ತನಿಖೆಯಲ್ಲಿ ಸಾವಿಗೂ ಲಸಿಕೆಗೂ ನಂಟು ಕಾಣಲಿಲ್ಲ, ಆದರೆ ಒಪ್ಪಿಗೆ ಪಡೆದ ರೀತಿಯಲ್ಲಿ ದೊಡ್ಡ ಲೋಪ ಸಿಕ್ಕಿತು. ಹಾಸ್ಟೆಲ್ ಹುಡುಗಿಯರ ಪರವಾಗಿ ವಾರ್ಡನ್‌ಗಳು ಸಹಿ ಹಾಕಿದ್ದರು.

ಟ್ರಯಲ್ ನಿಂತಾಗ 17,729 ಹುಡುಗಿಯರಿಗೆ ಲಸಿಕೆ ಬಿದ್ದಿತ್ತು, ಕೆಲವರಿಗೆ ಒಂದೇ ಡೋಸ್. ಸಂಶೋಧಕರು ಕೈಬಿಡದೆ ಅವರನ್ನು ಹತ್ತು ವರ್ಷ ಹಿಂಬಾಲಿಸಿದರು. ಒಂದು ಡೋಸ್ ಪಡೆದವರಲ್ಲೂ 16 ಮತ್ತು 18ನೆಯ ಬಗೆಯ ವೈರಸ್ ಬಹುಕಾಲ ನೆಲೆ ನಿಲ್ಲದಂತೆ ಶೇ. 95ರಷ್ಟು ರಕ್ಷಣೆ ಕಂಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸ್ ಸಾಕು ಎಂಬ ಆಯ್ಕೆಯನ್ನು ಒಪ್ಪಿದ್ದರ ಹಿಂದಿನ ಆಧಾರಗಳಲ್ಲಿ ಇದೂ ಒಂದು. ಅರ್ಧಕ್ಕೆ ನಿಂತ ಟ್ರಯಲ್‌ನಿಂದಲೂ ಜಗತ್ತಿಗೆ ಇಷ್ಟು ದೊಡ್ಡ ಉಪಕಾರವಾಗಿದ್ದರೆ, ಅದಕ್ಕೆ ಕಾರಣ ದಾಖಲೆಯನ್ನು ಜೋಪಾನ ಮಾಡಿದ ಊರಿನ ಸಿಬ್ಬಂದಿ.

ಬೆಂಗಳೂರಿನ ಕೊಂಡಿಗಳು

ಕರ್ನಾಟಕದ ಕ್ಯಾನ್ಸರ್ ಟ್ರಯಲ್‌ಗಳ ಹಳೆಯ ನೆಲೆ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1981ರ ಕೊನೆಗೆ ಶುರುವಾದಾಗ ಮುಂಬೈ, ಚೆನ್ನೈ ಜೊತೆಗೆ ಬೆಂಗಳೂರಿನ ನೋಂದಣಿಯೂ ಇಲ್ಲಿಂದಲೇ ಹೊರಟಿತು. ಬಾಯಿ ಕ್ಯಾನ್ಸರ್‌ಗೂ ತಂಬಾಕು, ಎಲೆಅಡಿಕೆ, ಮದ್ಯಕ್ಕೂ ಇರುವ ನಂಟನ್ನು ಲಿಯೋನ್ ಸಂಸ್ಥೆ ಬೆಂಗಳೂರು, ಚೆನ್ನೈ, ತಿರುವನಂತಪುರಗಳಲ್ಲಿ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿತು.

ಕಿದ್ವಾಯಿಯ ಒಂದು ನಂಟು ಕ್ಯೂಬಾವರೆಗೆ ಚಾಚಿದೆ. ಹವಾನಾದ ವಿಜ್ಞಾನಿಗಳು ರೂಪಿಸಿದ ನಿಮೊಟುಜುಮಾಬ್ ಎಂಬ ಪ್ರತಿಕಾಯ ಔಷಧವನ್ನು ಬೆಂಗಳೂರಿನ ಬಯೋಕಾನ್ ಕಂಪನಿ 2006ರಲ್ಲಿ ಭಾರತಕ್ಕೆ ತಂದಿತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 92 ರೋಗಿಗಳಲ್ಲಿ ನಡೆದ ಟ್ರಯಲ್‌ನಲ್ಲಿ ಕಿದ್ವಾಯಿ, ಮಣಿಪಾಲದ ವೈದ್ಯರಿದ್ದರು, ಐದು ವರ್ಷದ ಫಲಿತಾಂಶ ಆಶಾದಾಯಕವಾಗಿತ್ತು. ತೊಂಬತ್ತೆರಡು ಜನರ ಮೇಲೆ ಅಂತಿಮ ತೀರ್ಪು ಕೊಡಲಾಗುವುದಿಲ್ಲ. ಟಾಟಾ ಸ್ಮಾರಕ ಆಸ್ಪತ್ರೆ ಆಮೇಲೆ 536 ರೋಗಿಗಳಲ್ಲಿ ನೋಡಿತು. ರೋಗ ಮರಳದೆ ಇದ್ದ ಅವಧಿ ಹೆಚ್ಚಿತ್ತು, ಒಟ್ಟು ಆಯುಷ್ಯದ ಅಂತರ ಖಚಿತವಾಗಲಿಲ್ಲ. ಆಸ್ಪತ್ರೆಗಳು ಕೂಡಿ ದೊಡ್ಡ ಟ್ರಯಲ್ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇನ್ನೆರಡು ಕೊಂಡಿಗಳು ಉದ್ಯಮದ ಕಡೆಯವು. ಸ್ತನ ಕ್ಯಾನ್ಸರಿನ ಔಷಧ ಟ್ರಾಸ್ಟುಜುಮಾಬ್‌ಗೆ ಬಯೋಕಾನ್, ಮೈಲಾನ್ ಕಂಪನಿಗಳು ಕೂಡಿ ಮಾಡಿದ ಸಮಾನ ಔಷಧ ಹಲವು ಖಂಡಗಳ ಟ್ರಯಲ್ ದಾಟಿ 2017ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಬಾರ್ಸಿಲೋನಾದ ಕ್ಲಿನಿಕ್ ಆಸ್ಪತ್ರೆ ರೂಪಿಸಿದ ಕಾರ್-ಟಿ ಕೋಶ ಚಿಕಿತ್ಸೆಯನ್ನು ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಭಾರತದ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿ 2025ರಲ್ಲಿ ಬಳಕೆಗೆ ತಂದಿತು.

ಬಾಯಿ ಮತ್ತು ಬ್ಯಾಟರಿ

ಈ ಸೀಮೆಗೆ ತನ್ನದೇ ಪ್ರಶ್ನೆಗಳಿವೆ. ಇಳಕಲ್ಲಿನಲ್ಲಿ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಸೀರೆ ನೇಯುವವರು, ಅಲ್ಲಿನ ಕೆಂಪು ಗ್ರಾನೈಟ್ ಕಲ್ಲಿನ ಕ್ವಾರಿಗಳಲ್ಲಿ ದುಡಿಯುವವರು, ಹುನಗುಂದದ ಎರೆ ಹೊಲದ ರೈತರು, ಎಲ್ಲರ ನಡುವೆಯೂ ತಂಬಾಕು-ಸುಣ್ಣ ತಿಕ್ಕಿ ದವಡೆಯಲ್ಲಿಟ್ಟುಕೊಳ್ಳುವ ರೂಢಿ ಇದೆ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಿದ್ದರೂ ರೂಢಿ ಬಿಟ್ಟಿಲ್ಲ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು ಎಂದು ಲಿಯೋನ್ ಸಂಸ್ಥೆ ಖಚಿತವಾಗಿ ವರ್ಗೀಕರಿಸಿದೆ.

ಬಾಯಿಯ ತಪಾಸಣೆಗೆ ಬೇಕಾದದ್ದು ಒಂದು ಬ್ಯಾಟರಿ ಮತ್ತು ತರಬೇತಾದ ಕಣ್ಣು. ನೇಕಾರ ಬಾಯಿ ತೆರೆಯುತ್ತಾನೆ. ಮೂರು ಬೆರಳು ನೆಟ್ಟಗೆ ಒಳಹೋಗುತ್ತವೆಯೇ ಎಂದು ಮೊದಲು ನೋಡುತ್ತಾರೆ. ಎರಡೇ ಹೋದರೆ ಒಳಪದರ ಬಿಗಿಯಾಗಿದೆ ಎಂದು ಅರ್ಥ. ಕೆನ್ನೆಯ ಒಳಗೋಡೆ, ತಂಬಾಕು ಇಡುವ ಸಂದಿ, ನಾಲಗೆಯ ಅಂಚು, ನಾಲಗೆಯ ತಳ, ಅಂಗುಳ. ಎಲ್ಲಾದರೂ ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಹಲವು ವಾರಗಳಾದರೂ ಮಾಯದ ಹುಣ್ಣು ಕಂಡರೆ ಆಸ್ಪತ್ರೆಗೆ ಕಳಿಸಬೇಕು. ಎರಡು ಮೂರು ನಿಮಿಷದ ಕೆಲಸ. ತಿರುವನಂತಪುರ ಜಿಲ್ಲೆಯಲ್ಲಿ ಲಿಯೋನ್ ಸಂಸ್ಥೆಯ ಸಹಯೋಗದಲ್ಲಿ ನಡೆದ ಟ್ರಯಲ್ ಹೀಗೆಯೇ ಬರೀ ಕಣ್ಣಿನಿಂದ ಬಾಯಿ ನೋಡಿ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆಯಾದದ್ದನ್ನು 2005ರಲ್ಲಿ ತೋರಿಸಿತು.

ಚಿಕಿತ್ಸೆಯಲ್ಲೂ ಬಡವರಿಗೆ ಎಟಕುವ ಪ್ರಶ್ನೆಗಳನ್ನು ಕೇಳಿದ ಟ್ರಯಲ್‌ಗಳಿವೆ. ಬಾಯಿ ಕ್ಯಾನ್ಸರಿನ ಶಸ್ತ್ರಕ್ರಿಯೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನು ತೆಗೆದರೆ ಮೂರು ವರ್ಷದ ನಂತರ ನೂರರಲ್ಲಿ 80 ಮಂದಿ, ಆಮೇಲೆ ನೋಡೋಣ ಎಂದು ಬಿಟ್ಟರೆ 67 ಮಂದಿ ಬದುಕಿರುತ್ತಾರೆ ಎಂದು ಟಾಟಾ ಆಸ್ಪತ್ರೆ 2015ರಲ್ಲಿ ತೋರಿಸಿತು. ದುಬಾರಿ ನಿವೊಲುಮಾಬ್ ಔಷಧವನ್ನು ಸಾಮಾನ್ಯ ಪ್ರಮಾಣದ ಹತ್ತರಲ್ಲೊಂದಕ್ಕಿಂತಲೂ ಕಡಿಮೆ, ಬರೀ 20 ಮಿಲಿಗ್ರಾಂ, ಅಗ್ಗದ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಕೊಟ್ಟಾಗ ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿತು. ಲಂಡನ್ನಿನಿಂದ ನಡೆದ ಇಂಟರ್‌ಲೇಸ್ ಟ್ರಯಲ್‌ನಲ್ಲಿ ಭಾರತ ಸೇರಿ ಐದು ದೇಶಗಳ 500 ಮಹಿಳೆಯರಿದ್ದರು. ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ಮೊದಲು ಆರು ವಾರ ಹಳೆಯ, ಅಗ್ಗದ ಎರಡು ಕಿಮೊ ಔಷಧ ಕೊಟ್ಟಾಗ ಐದು ವರ್ಷ ಬದುಕಿದವರ ಪ್ರಮಾಣ ಶೇ. 72ರಿಂದ 80ಕ್ಕೆ ಏರಿತು. ಇಂಥ ಪ್ರಶ್ನೆಗಳಿಗೇ ಈ ಜಿಲ್ಲೆ ಕೈಜೋಡಿಸಬೇಕು. ಇಲ್ಲಿನವರು ಎಂದೂ ಕೊಳ್ಳಲಾಗದ ಔಷಧಕ್ಕೆ ಇಲ್ಲಿನ ಮೈ ಒಡ್ಡುವುದು ಸಹಯೋಗವಲ್ಲ.

ಕಟ್ಟಬೇಕಾದದ್ದು

ಮೊದಲು ನೋಂದಣಿ. ರಾಷ್ಟ್ರೀಯ ವರದಿಗಳಲ್ಲಿ ಕರ್ನಾಟಕದ ಜನಾಧಾರಿತ ಅಂಕಿಅಂಶವೆಂದರೆ ದಶಕಗಳ ಕಾಲ ಬೆಂಗಳೂರಿನದೇ ಆಗಿತ್ತು. ಬೆಂಗಳೂರಿನ ಲೆಕ್ಕ ಇಳಕಲ್ಲಿಗೆ ಒಪ್ಪುವುದಿಲ್ಲ. ಯಾವ ಕ್ಯಾನ್ಸರ್ ಎಷ್ಟು, ಯಾವ ಹಂತದಲ್ಲಿ ಬರುತ್ತಾರೆ, ಚಿಕಿತ್ಸೆಗೆ ಹುಬ್ಬಳ್ಳಿಗೆ ಹೋಗುತ್ತಾರೋ, ಬೆಳಗಾವಿಗೋ, ಮೀರಜಿಗೋ ಎಂದು ಗೊತ್ತಿಲ್ಲದೆ ಯಾವ ವಿದೇಶಿ ತಂಡವೂ ಟ್ರಯಲ್ ಯೋಜಿಸಲಾರದು. ಬಾರ್ಶಿ ತೋರಿಸಿದ ದಾರಿ ಇದೇ.

ಆಮೇಲೆ ನಿಯಮ. ಭಾರತದ ಟ್ರಯಲ್‌ಗಳ ಸಾರ್ವಜನಿಕ ನೋಂದಣಿ 2007ರಲ್ಲಿ ತೆರೆಯಿತು, 2009ರ ಜೂನ್‌ನಿಂದ ಅದು ಕಡ್ಡಾಯ. ವಿದೇಶಿ ಹಣ ಅಥವಾ ಪಾಲುದಾರಿಕೆ ಇರುವ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್ ನಡೆಯುವ ಸ್ಥಳದಲ್ಲಿ ನೈತಿಕ ಸಮಿತಿ ಇಲ್ಲದಿದ್ದರೆ ಅದೇ ಊರಿನ ಅಥವಾ 50 ಕಿ.ಮೀ. ತ್ರಿಜ್ಯದೊಳಗಿನ ಸಮಿತಿ ಹೊಣೆ ಹೊರಬಹುದು. ಬಾದಾಮಿ, ಹುನಗುಂದ ಬಾಗಲಕೋಟೆಯಿಂದ ಈ ಅಳತೆಯೊಳಗೆ ಬರುತ್ತವೆ, ಇಳಕಲ್ ಅಂಚಿನಲ್ಲಿದೆ. ಸಮಿತಿಯಲ್ಲಿ ವೈದ್ಯರಲ್ಲದವರೂ ಇರಲೇಬೇಕು. ಅಲ್ಲಿ ಒಬ್ಬ ನೇಕಾರ್ತಿಯೋ ನಿವೃತ್ತ ಶಾಲಾ ಶಿಕ್ಷಕಿಯೋ ಕೂತು ಪ್ರಶ್ನೆ ಕೇಳಿದರೆ ಕಾಗದದ ಮೇಲಿನ ನಿಯಮಕ್ಕೆ ಜೀವ ಬರುತ್ತದೆ.

ರೋಗಿಯ ಮನೆಯವರು ಕೇಳುವ ಪ್ರಶ್ನೆಗಳು ಬಹಳ ನೇರ. "ಔಷಧ ಫುಕ್ಕಟೆ ಏನ್ರೀ? ನಡುವ ಬಿಟ್ರ ಡಾಕ್ಟರ್ ಸಾಹೇಬ್ರು ಸಿಟ್ಟಾಗ್ತಾರೇನ್ರೀ? ಬಸ್ಸಿನ ರೊಕ್ಕ ಯಾರ್ ಕೊಡ್ತಾರ್ರೀ?" ಒಪ್ಪಿಗೆ ಪತ್ರ ಇವಕ್ಕೆ ಇದೇ ಕನ್ನಡದಲ್ಲಿ ಉತ್ತರ ಕೊಡಬೇಕು. ಓದಲು ಬಾರದವರಿಗೆ ಟ್ರಯಲ್ ತಂಡಕ್ಕೆ ಸೇರದ ಸಾಕ್ಷಿಯ ಮುಂದೆ ಪೂರ್ತಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಪಡೆಯಬೇಕು ಎಂಬುದು ನಿಯಮ.

ಕಷ್ಟದ ಭಾಗ ಹಿಂಬಾಲಿಸುವುದು. ಸುಗ್ಗಿ ಮುಗಿದ ಮೇಲೆ ಬಾದಾಮಿ, ಹುನಗುಂದ ತಾಲ್ಲೂಕುಗಳ ಕುಟುಂಬಗಳು ಗೋವಾ, ಮಂಗಳೂರು, ಉಡುಪಿ, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಮೂರು ವಾರಕ್ಕೊಮ್ಮೆ ಬಾ ಎಂದರೆ ಬರಲಾಗದು. ಬಾಗಲಕೋಟೆ, ಬಾದಾಮಿಗೆ ರೈಲಾದರೂ ಇದೆ, ಹುನಗುಂದ, ಇಳಕಲ್ಲಿಗೆ ಬಸ್ಸೇ ಗತಿ. ಹೀಗಾಗಿ ಕೂಲಿ ತಪ್ಪಿದ ದಿನದ ಹಣ, ಪ್ರಯಾಣದ ವೆಚ್ಚ, ರೋಗಿ ದುಡಿಯುವ ಊರಿನ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆಗೆ ಏರ್ಪಾಡು, ಇವು ಟ್ರಯಲ್ಲಿನ ಬಜೆಟ್‌ನಲ್ಲಿ ಮೊದಲೇ ಇರಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಸೊಲ್ಲಾಪುರಗಳ ಆಸ್ಪತ್ರೆಗಳು ಒಂದೇ ದಾಖಲೆ, ಒಂದೇ ಬಯಾಪ್ಸಿ ವರದಿಯ ನಮೂನೆ ಬಳಸಿದರೆ ಗಡಿಯ ಎರಡೂ ಕಡೆಯ ರೋಗಿ ಕೈತಪ್ಪುವುದಿಲ್ಲ. ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಇಂಥ ಜಾಲಕ್ಕೆ ತಕ್ಕ ಆಸರೆ.

ಟ್ರಯಲ್‌ಗೆ ಕರೆದರೆ ಹೆದರಿ ಓಡಬೇಕಿಲ್ಲ, ಕಣ್ಣುಮುಚ್ಚಿ ಸಹಿಯನ್ನೂ ಹಾಕಬೇಕಿಲ್ಲ. ನೋಂದಣಿ ಸಂಖ್ಯೆ ಕೇಳಿ, ಒಪ್ಪಿಗೆ ಪತ್ರದ ಕನ್ನಡ ಪ್ರತಿಯನ್ನು ಮನೆಗೆ ಒಯ್ದು ಗೊತ್ತಿದ್ದವರಿಂದ ಓದಿಸಿ, ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರ ಹೊಣೆ, ಟ್ರಯಲ್ ಮುಗಿದ ಮೇಲೆ ಔಷಧ ಸಿಗುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಯಾವ ಹಂತದಲ್ಲಿ ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು, ಹಾಗೆ ಸರಿದವರಿಗೂ ಎಂದಿನ ಚಿಕಿತ್ಸೆ ಕೊಡಲೇಬೇಕು.